ಪಿಟೀಲಿನ ಉಗಮ ಮತ್ತು ವಿಕಾಸ: ಒಂದು ಜಾನಪದೀಯ ಅವಲೋಕನ

ವಾದ್ಯಗಳ ಚರಿತ್ರೆಯನ್ನು ರಚಿಸುವಾಗ ಶಾಸ್ತ್ರೀಯ ಮತ್ತು ಜಾನಪದ ಎಂಬ ವರ್ಗೀಕರಣವನ್ನು ಮೊದಲೇ ಒಪ್ಪಿಕೊಂಡು ಹೊರಡುವುದು ವಾಡಿಕೆ. ಇಂದು ಸಂಗೀತ ಸಭೆಗಳ ಘನತೆಯ ವಾದ್ಯವೆನಿಸಿರುವ ಪಿಟೀಲಿನ ಚರಿತ್ರೆಯು ಈ ವರ್ಗೀಕರಣವನ್ನೇ ಪ್ರಶ್ನಿಸುತ್ತದೆ.

ತಂತಿಯನ್ನು ಮೀಟಿ ನುಡಿಸುವ ಕ್ರಮ ಅತಿ ಪ್ರಾಚೀನವಾದುದು. ಕಮಾನಿನಿಂದ ಉಜ್ಜಿ ನುಡಿಸುವ ಕ್ರಮ ಅದಕ್ಕಿಂತ ಬಹಳ ಈಚಿನದು. ಇದರ ಖಚಿತ ಆಧಾರಗಳು 10ನೆಯ ಶತಮಾನದಿಂದ ಇಸ್ಲಾಮೀ ಹಾಗೂ ಬೈಜಾಂಟಿಯನ್ ಪ್ರದೇಶಗಳಲ್ಲಿ ದೊರೆಯುತ್ತವೆ. ಕಮಾನಿನ ಮೂಲನೆಲೆ ಮಧ್ಯ ಏಷ್ಯಾ ಎಂಬುದು ವರ್ನರ್ ಬಾಖ್‌ಮನ್ ಅವರ ಅಭಿಪ್ರಾಯ. ಅರಬರ ರಬಾಬ್ ಯುರೋಪನ್ನು ತಲುಪಿ ರೆಬೆಕ್ ಎಂಬ ವಾದ್ಯಕ್ಕೆ ಕಾರಣವಾಯಿತು.

ರಾವಣನ ಹೆಸರಿನ ವಾದ್ಯವೇ ಪಿಟೀಲಿನ ಮೂಲವೆಂಬ ವಾದವನ್ನು ಬೆಲ್ಜಿಯಂನ ವಿದ್ವಾಂಸ ಫೆಟಿಸ್ 19ನೆಯ ಶತಮಾನದಲ್ಲಿ ಮುಂದಿಟ್ಟರು. ರಾಜಸ್ಥಾನದ ಭೋಪರು ಪಾಬೂಜಿಯ ಕಥನವನ್ನು ಹಾಡುವಾಗ ಇಂದಿಗೂ ರಾವಣಹತ್ಥವನ್ನು ನುಡಿಸುತ್ತಾರೆ. 13ನೆಯ ಶತಮಾನದ ‘ಸಂಗೀತ ರತ್ನಾಕರ’ವು ಕಮಾನಿನಿಂದ ನುಡಿಸುವ ಪಿನಾಕಿ ವೀಣೆಯನ್ನು ವರ್ಣಿಸುತ್ತದೆ. ಆದರೆ ಐತಿಹ್ಯದಿಂದ ವಾದ್ಯದ ಕಾಲವನ್ನು ನಿರ್ಣಯಿಸಲಾಗದು. ನುಡಿಸುವ ಸಮುದಾಯವು ತನ್ನ ವಾದ್ಯಕ್ಕೆ ಸಲ್ಲಿಸುವ ಗೌರವವನ್ನು ಐತಿಹ್ಯ ತಿಳಿಸುತ್ತದೆ. ಅದರ ಬೆಲೆ ಇರುವುದು ಅಲ್ಲಿ.

ಪಿಟೀಲು ಇಂದಿನ ಆಕಾರಕ್ಕೆ ಹತ್ತಿರವಾದದ್ದು 16ನೆಯ ಶತಮಾನದ ಉತ್ತರ ಇಟಲಿಯಲ್ಲಿ. 1530ರ ಸುಮಾರಿನ ಗೌಡೆಂಜಿಯೊ ಫೆರಾರಿಯ ಚಿತ್ರದಲ್ಲಿ ಮೂರು ತಂತಿಗಳ ವಾದ್ಯವಿದೆ. ಕ್ರೆಮೋನಾದ ಆಂಡ್ರಿಯ ಅಮಾಟಿಯ ಕೈಯಲ್ಲಿ ನಾಲ್ಕು ತಂತಿಗಳ ರೂಪ ನೆಲೆಗೊಂಡಿತು. ಗಮನಾರ್ಹವಾದ ಸಂಗತಿಯೆಂದರೆ, ಆಗ ಈ ವಾದ್ಯಕ್ಕೆ ಮರ್ಯಾದೆಯ ಸ್ಥಾನವಿರಲಿಲ್ಲ. 1556ರಲ್ಲಿ ಲಿಯೋನ್ ನಗರದಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಜಾಂಬ್ ದ ಫೆರ್, ಸಭ್ಯರು ವಯೋಲ್ ನುಡಿಸುತ್ತಾರೆ, ಪಿಟೀಲು ಕುಣಿತಕ್ಕೂ ಮದುವೆಯ ಮೆರವಣಿಗೆಗೂ ಬಳಕೆಯಾಗುತ್ತದೆ ಎಂದು ದಾಖಲಿಸಿದ್ದಾನೆ. ದುಡಿಮೆಗಾಗಿ ನುಡಿಸುವವರ ಈ ವಾದ್ಯ ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ಅರಮನೆಯನ್ನು ಸೇರಿತು. ಮುಂದೆ ಸ್ಟ್ರಾಡಿವಾರಿ (ಮರಣ 1737) ಅದರ ನಾದವನ್ನು ಪರಿಷ್ಕರಿಸಿದನು. 18ನೆಯ ಶತಮಾನದ ಕೊನೆಗೆ ಪ್ಯಾರಿಸ್ಸಿನ ಫ್ರಾನ್ಸ್ವಾ ತೂರ್ತ್ ಕಮಾನಿಗೆ ಇಂದಿನ ರೂಪವನ್ನು ನೀಡಿದನು.

ದಕ್ಷಿಣ ಭಾರತದಲ್ಲಿ ಇದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1858) ಹಾಗೂ ತಂಜಾವೂರಿನ ವಡಿವೇಲು ಪ್ರಮುಖರು. ಇಲ್ಲಿ ವಾದ್ಯದ ರಚನೆ ಬದಲಾಗಲಿಲ್ಲ. ಹಿಡಿಯುವ ಭಂಗಿ ಬದಲಾಯಿತು. ನೆಲದ ಮೇಲೆ ಕುಳಿತು, ವಾದ್ಯದ ತುದಿಯನ್ನು ಪಾದದ ಮೇಲೆ ಊರಿದಾಗ ಎಡಗೈ ಹಗುರಾಗಿ ತಂತಿಯ ಮೇಲೆ ಜಾರುತ್ತದೆ, ಗಮಕ ಸುಲಭಸಾಧ್ಯವಾಗುತ್ತದೆ. ಮೈಸೂರಿನ ಟಿ. ಚೌಡಯ್ಯನವರು ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ನಾದ ದೂರಕ್ಕೆ ಕೇಳಿಸಲೆಂದು ಏಳು ತಂತಿಗಳನ್ನು ಅಳವಡಿಸಿಕೊಂಡರು.

ಕನ್ನಡದ ‘ಪಿಟೀಲು’ ಪದವು ಇಂಗ್ಲಿಷಿನ ಫಿಡಲ್ ಪದದಿಂದ ಬಂದುದು. ಇಂಗ್ಲಿಷಿನಲ್ಲಿ ಅದು ಕುಣಿತದ ಬಯಲಿನ ವಾದ್ಯಕ್ಕೆ ಸಲ್ಲುವ ಹೆಸರು. ವಾದ್ಯದ ಬೀದಿಯ ಮೂಲವನ್ನು ಗ್ರಂಥಗಳು ಬದಿಗೆ ಸರಿಸಿದರೂ ನಮ್ಮ ಆಡುಮಾತು ಅದನ್ನು ಉಳಿಸಿಕೊಂಡಿದೆ.