ಎತ್ತು ನಿಂತಲ್ಲಿ ವಸ್ತಿ

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರಿನ ಬಸ್ ನಿಲ್ದಾಣಗಳಲ್ಲಿ ಹೊತ್ತು ಮುಳುಗಿದ ಮೇಲೆ ಹಳ್ಳಿಯ ಜನ ಕಾಯುವುದು ‘ವಸ್ತಿ ಬಸ್ಸಿ’ಗೆ. ರಾತ್ರಿ ಊರು ಮುಟ್ಟಿ, ಗುಡಿಯ ಮುಂದೆಯೋ ಶಾಲೆಯ ಬಯಲಿನಲ್ಲೋ ತಂಗಿ, ನಸುಕಿನಲ್ಲಿ ಕಾಲೇಜಿನ ಹುಡುಗರನ್ನೂ ಸಂತೆಯ ಗಂಟುಗಳನ್ನೂ ತುಂಬಿಕೊಂಡು ಮರಳುವ ಬಸ್ಸು ಅದು. ವಸ್ತಿ ಎಂದರೆ ರಾತ್ರಿಯ ತಂಗು. ಸಂಸ್ಕೃತದ ವಸತಿ ಒಂದು ದಾರಿಯಲ್ಲಿ ನಡೆದು ಜೈನರ ಬಸದಿಯಾಯಿತು, ಇನ್ನೊಂದು ದಾರಿಯಲ್ಲಿ ನಡೆದು ಧಾರವಾಡ ಸೀಮೆಯ ಬಂಡಿ ಹೊಡೆಯುವವರ ಬಾಯಲ್ಲಿ ವಸ್ತಿಯಾಗಿ ಉಳಿಯಿತು. ಈ ಸೀಮೆಯ ಜನ ಗುಂಪುಕಟ್ಟಿ ಊರು ಬಿಟ್ಟ ಕತೆಯನ್ನು ಈ ಒಂದು ಮಾತು ಹಿಡಿದೇ ಹೇಳಬಹುದು. ಗುಂಪು ಎಲ್ಲಿಗೆ ಹೊರಟಿತ್ತು ಎಂಬುದಕ್ಕಿಂತ, ರಾತ್ರಿ ಎಲ್ಲಿ ತಂಗಬೇಕೆಂದು ಯಾರು ಗೊತ್ತುಮಾಡುತ್ತಿದ್ದರು ಎಂಬುದರಲ್ಲಿ ಆ ಕತೆಯ ಹುರುಳಿದೆ.

ಬಂಡಿಯ ಕಾಲದಲ್ಲಿ ಅದನ್ನು ಗೊತ್ತುಮಾಡುತ್ತಿದ್ದದ್ದು ಎತ್ತು.

ಮಾಘ ಮಾಸದ ಭಾರತ ಹುಣ್ಣಿಮೆ ಇಲ್ಲಿನ ಒಕ್ಕಲುತನದ ವರ್ಷದಲ್ಲಿ ಒಂದು ಬಿಡುವು. ಮುಂಗಾರಿಯ ಬೆಳೆ ಮನೆ ಸೇರಿರುತ್ತದೆ, ಬ್ಯಾಡಗಿಯ ಪೇಟೆಗೆ ಕೆಂಪು ಮೆಣಸಿನಕಾಯಿಯ ಚೀಲಗಳು ಏರತೊಡಗಿರುತ್ತವೆ, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ. ಎತ್ತಿಗೆ ಕೆಲಸ ಕಡಿಮೆ, ಹೊಳೆಯಲ್ಲಿ ನೀರು ಇಳಿದಿದೆ, ಬಿಸಿಲು ಇನ್ನೂ ಚುರುಕಾಗಿಲ್ಲ. ಇದೇ ಹುಣ್ಣಿಮೆಯ ಆಸುಪಾಸಿನಲ್ಲಿ ಮೂರು ದಿಕ್ಕಿಗೆ ಮೂರು ದೊಡ್ಡ ಜಾತ್ರೆಗಳು. ಪಡುವಲಿಗೆ ಕಾಡಿನೊಳಗಿನ ಉಳವಿ ಚನ್ನಬಸವೇಶ್ವರ, ಮೂಡಲಿಗೆ ತುಂಗಭದ್ರೆಯ ಆಚೆ ದಂಡೆಯ ಮೈಲಾರಲಿಂಗ, ಬಡಗಲಿಗೆ ಸವದತ್ತಿಯ ಎಲ್ಲಮ್ಮನ ಗುಡ್ಡ. ಒಂದೇ ಬೆಳುದಿಂಗಳಿನಲ್ಲಿ ಒಂದೇ ಊರಿನ ಬಂಡಿಗಳು ಮೂರು ಹಾದಿ ಹಿಡಿದು ಹೋಗುತ್ತಿದ್ದವು. ಯಾವ ಮನೆಯ ಬಂಡಿ ಯಾವ ಹಾದಿಗೆ ಎಂಬುದು ಮನೆದೇವರ ಮೇಲೆ ನಿಂತಿತ್ತು, ಅದರಲ್ಲಿ ಆಯ್ಕೆಯ ಮಾತಿರಲಿಲ್ಲ.

ಸಿದ್ಧತೆ ವಾರಗಳ ಮೊದಲೇ ಶುರು. ಎತ್ತಿಗೆ ಲಾಳ, ಗಾಲಿಗೆ ಕೀಲೆಣ್ಣೆ, ಬಂಡಿಯ ಮೇಲೆ ಬಿದಿರು ಬಾಗಿಸಿ ಚಾಪೆ ಹೊದಿಸಿದ ಕಮಾನು. ಹಾಗೆ ಕಮಾನು ಕಟ್ಟಿದ ಬಂಡಿಗೆ ಕೊಲ್ಲಾರಿ ಬಂಡಿ ಎಂದೇ ಹೆಸರು. ಎತ್ತಿನ ಬೆನ್ನಿಗೆ ಬಣ್ಣದ ಜೂಲ, ಕೊರಳಿಗೆ ಗೆಜ್ಜೆ. ಒಳಗೆ ಎತ್ತಿನ ಪಾಲಿನ ಹಿಂಡಿ, ಹೊಟ್ಟು, ಕಣಕಿ. ಮನುಷ್ಯರ ಪಾಲಿನ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಾದಲಿ, ಕರ್ಚಿಕಾಯಿ. ಈ ಬುತ್ತಿಯ ಪಟ್ಟಿಯನ್ನು ಸುಮ್ಮನೆ ರುಚಿಯ ಪಟ್ಟಿ ಎಂದು ಓದಬಾರದು. ಇದರಲ್ಲಿ ನೀರಿನಂಶದ ಪದಾರ್ಥ ಒಂದೂ ಇಲ್ಲ. ವಾರ ಕಳೆದರೂ ಕೆಡದ, ಒಲೆ ಹೂಡದೆ ತಿನ್ನಬಹುದಾದ, ಬಂಡಿ ಕುಲುಕಿದರೂ ಚೆಲ್ಲದ ಊಟ ಇದು. ಉತ್ತರ ಕರ್ನಾಟಕದ ಒಣ ಅಡುಗೆಯನ್ನು ಹೊಗಳುವವರು ಅದರ ಹಿಂದೆ ಎಷ್ಟು ಹರದಾರಿ ಬಂಡಿಯ ದಾರಿ ಇದೆ ಎಂಬುದನ್ನು ಲೆಕ್ಕ ಹಾಕುವುದು ಕಡಿಮೆ.

ಉಳವಿಯ ಹಾದಿಯೇ ಈ ಮೂರರಲ್ಲಿ ಕಠಿಣ. ಹನ್ನೆರಡನೆಯ ಶತಮಾನದ ಕಲ್ಯಾಣದ ಕೋಲಾಹಲದ ನಂತರ ಬಸವಣ್ಣನ ಸೋದರಳಿಯ ಚನ್ನಬಸವಣ್ಣ ಶರಣರ ಗುಂಪಿನೊಂದಿಗೆ ಬಂದು ಐಕ್ಯನಾದದ್ದು ಇಲ್ಲೇ ಎಂದು ಲಿಂಗಾಯತರ ನಂಬಿಕೆ. ಊರು ಉತ್ತರ ಕನ್ನಡದ ಜೋಯಿಡಾ ತಾಲೂಕಿನಲ್ಲಿದೆ. ಬಯಲುಸೀಮೆಯ ಜೋಳದ ಹೊಲಗಳಲ್ಲಿ ನೇರ ದಾರಿಗೆ ಒಗ್ಗಿದ ಎತ್ತು ಹಳಿಯಾಳ, ದಾಂಡೇಲಿ ದಾಟಿದ ಮೇಲೆ ಬಿದಿರ ಮೆಳೆ, ಏರು, ಇಳಿಜಾರು, ಕಾಡಿನ ಕತ್ತಲೆ ಕಾಣುತ್ತದೆ. ಒಂಟಿ ಬಂಡಿ ಈ ದಾರಿಗೆ ಇಳಿಯುತ್ತಿರಲಿಲ್ಲ. ಹುಲಿಯ ಭಯ ಒಂದು ಕಾರಣ. ಅಚ್ಚು ಮುರಿದರೆ ಕೈಜೋಡಿಸಲು, ಏರಿನಲ್ಲಿ ಒಂದು ಜೋಡಿಗೆ ಇನ್ನೊಂದು ಜೋಡಿ ಕಟ್ಟಿ ಎಳೆಸಲು ಜನ ಬೇಕು ಎಂಬುದು ಅದಕ್ಕಿಂತ ದೊಡ್ಡ ಕಾರಣ. ಹಾಗಾಗಿ ಊರಿಗೆ ಊರೇ ಕೂಡಿ ಸಾಲುಗಟ್ಟಿ ಹೊರಡುವ ಪದ್ಧತಿ. ಮುಂದಿನ ಬಂಡಿಯಲ್ಲಿ ದಾರಿ ಬಲ್ಲ ಹಿರಿಯ. ಯಾವ ಹಳ್ಳದಲ್ಲಿ ಈ ತಿಂಗಳು ನೀರಿದೆ, ಯಾವ ಊರಿನ ಗೌಡರು ಕಣದಲ್ಲಿ ಬಂಡಿ ಬಿಡಲು ಜಾಗ ಕೊಡುತ್ತಾರೆ ಎಂಬುದು ಅವನಿಗೆ ಬಾಯಿಪಾಠ. ಅವನಿಗೆ ಕೂಲಿ ಇಲ್ಲ, ಮರ್ಯಾದೆ ಇದೆ.

ಆದರೂ ಅಪ್ಪಣೆ ಅವನದಲ್ಲ. ದಿನಕ್ಕೆ ಐದಾರು ಹರದಾರಿ ಆದಮೇಲೆ ಎತ್ತಿನ ಬಾಯಲ್ಲಿ ನೊರೆ ಕಂಡರೆ ನೊಗ ಇಳಿಸಲೇಬೇಕು. ಹತ್ತಿರದಲ್ಲಿ ನೀರು, ಮೇವು, ಸಮ ನೆಲ ಇರುವ ಕಡೆ ವಸ್ತಿ. ನೂರಾರು ವರ್ಷ ಇದೇ ಲೆಕ್ಕದಲ್ಲಿ ನಿಂತು ನಿಂತು ಕೆಲವು ಮಾವಿನ ತೋಪು, ಕೆಲವು ಕೆರೆಯ ಏರಿ ವಸ್ತಿಯ ಜಾಗಗಳೆಂದೇ ಹೆಸರಾದವು. ಉಳವಿ ಮುಟ್ಟಿದ ಮೇಲೂ ಗುಡಿಯೊಂದೇ ಅಲ್ಲ. ಆಕಳಗವಿ, ಮಹಾಮನೆ ಗವಿ, ಅಕ್ಕನಾಗಮ್ಮನ ಗವಿ ಎಂದು ಕಾಡಿನೊಳಗೆ ನಡೆದು ನೋಡಬೇಕಾದದ್ದು ಬಹಳ. ಇಂದು ಇದೇ ಕಾಡಿನ ಬಹುಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಸಫಾರಿ ಜೀಪುಗಳ ನಾಡು. ಬಯಲುಸೀಮೆಯ ಒಕ್ಕಲಿಗ ಆ ಕಾಡನ್ನು ಟಿಕೆಟ್ಟಿಲ್ಲದೆ, ಎತ್ತಿನ ಬಾಲದ ಹಿಂದೆ ಕೂತು ಮೊದಲೇ ನೋಡಿದ್ದ.

ಮೈಲಾರದ ಹಾದಿ ಚಿಕ್ಕದು, ಗದ್ದಲ ಹೆಚ್ಚು. ರಾಣೇಬೆನ್ನೂರು ಕಡೆಯ ಬಂಡಿಗಳಿಗೆ ಅಡ್ಡ ಬರುವುದು ತುಂಗಭದ್ರೆ ಒಂದೇ. ನೀರು ಇಳಿದಲ್ಲಿ ಬಂಡಿ ಹೊಳೆಗೇ ಇಳಿಯುತ್ತಿತ್ತು, ಇಳಿಯದಲ್ಲಿ ಹರಿಗೋಲು. ಬ್ರಿಟಿಷರ ಕಾಲದಲ್ಲಿ ಈ ಹೊಳೆ ದಾಟುವುದೆಂದರೆ ಮುಂಬಯಿ ಪ್ರಾಂತದಿಂದ ಮದ್ರಾಸ್ ಪ್ರಾಂತಕ್ಕೆ ಹೋದಂತೆ. ಆಗ ರಾಣೇಬೆನ್ನೂರು ಧಾರವಾಡ ಜಿಲ್ಲೆ, ಮೈಲಾರದ ಹೂವಿನಹಡಗಲಿ ಬಳ್ಳಾರಿ ಜಿಲ್ಲೆ. ಎರಡೂ ಒಂದೇ ರಾಜ್ಯದ ಕೆಳಗೆ ಬಂದದ್ದು 1956ರ ನವೆಂಬರ್ 1ರಂದು. ಏಳುಕೋಟಿ ಎಂದು ಕೂಗುತ್ತ ಬಂಡಾರ ಬಳಿದುಕೊಂಡು ಹೊಳೆ ದಾಟುತ್ತಿದ್ದವರಿಗೆ ಆ ಗಡಿಯ ಗೊಡವೆ ಇತ್ತೆಂದು ಕಾಣುವುದಿಲ್ಲ. ಮೈಲಾರದ ಡೆಂಕಣಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಸದ್ದಲೇ ಎಂದಾಗ ಇಡೀ ಬಯಲು ಉಸಿರು ಬಿಗಿಹಿಡಿಯುತ್ತದೆ. ಅವನು ನುಡಿಯುವ ಒಂದೇ ಸಾಲಿನ ಕಾರ್ಣಿಕದಲ್ಲಿ ಬರುವ ವರ್ಷದ ಮಳೆ, ಬೆಳೆ, ಧಾರಣೆ ಅಡಗಿದೆ ಎಂದು ರೈತರ ನಂಬಿಕೆ. ಈಗೀಗ ಸರ್ಕಾರ ಉಳಿಯುತ್ತದೋ ಬೀಳುತ್ತದೋ ಎಂದೂ ಅದರಲ್ಲೇ ಹುಡುಕುತ್ತಾರೆ. ಹೊಳೆಯ ಈಚೆ, ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಮಾಲತೇಶನ ಕಾರ್ಣಿಕ ಮಹಾನವಮಿಯಲ್ಲಿ. ಮೈಲಾರದಿಂದ ಮರಳಿ ಬರುವಾಗ ಬಂಡಿಯೊಳಗೆ ಕಾರ್ಣಿಕದ ಅರ್ಥದ ಬಗ್ಗೆ ನಡೆಯುವ ಜಗಳವೇ ಪ್ರವಾಸದ ಅರ್ಧ ಸುಖ.

1880ರ ದಶಕದಲ್ಲಿ ರೈಲು ಬಂತು. 1876–78ರ ಭೀಕರ ಬರದಲ್ಲಿ ಧಾನ್ಯ ಸಾಗಿಸಲಾಗದೆ ಜನ ಸತ್ತ ಪಾಠ ಕಲಿತ ಸರ್ಕಾರದ ಬೆಂಬಲದಿಂದ, ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಬ್ಬಳ್ಳಿಯಿಂದ ಹರಿಹರದತ್ತ ಮೀಟರ್‌ಗೇಜ್ ಹಳಿ ಎಳೆಯಿತು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರೂ ಒಂದೇ ಹಳಿಯ ಮೇಲಿನ ನಿಲ್ದಾಣಗಳಾದವು. ಪುಣೆ-ಬೆಂಗಳೂರು ಹೆದ್ದಾರಿ ಬ್ಯಾಡಗಿಯನ್ನು ಬಿಟ್ಟು ಮೋಟೆಬೆನ್ನೂರಿನ ಮೇಲೆ ಹೋಗುತ್ತದೆ. ರೈಲು ಮಾತ್ರ ಊರೊಳಗೇ ನಿಂತಿತು. ಮೆಣಸಿನಕಾಯಿ ದೂರದ ಪೇಟೆಗೆ ಹೋದ ಹಳಿಯ ಮೇಲೆಯೇ ಜನರೂ ಪಂಢರಪುರದ ಕಡೆಗೆ, ಕಾಶಿಯ ಕಡೆಗೆ ಹೊರಟರು. ಇನ್ನು ನಿಲ್ಲುವ ಜಾಗ ಎಂಜಿನ್ನಿನ ನೀರಿನ ತೊಟ್ಟಿಯದು, ಹೊತ್ತು ಗಡಿಯಾರದ್ದು. ವಸ್ತಿ ಧರ್ಮಶಾಲೆಗೆ ಸರಿಯಿತು.

ಇಂಗ್ಲೆಂಡಿನಲ್ಲಿ ಥಾಮಸ್ ಕುಕ್ ಎಂಬ ಮದ್ಯಪಾನ ವಿರೋಧಿ 1841ರ ಜುಲೈ 5ರಂದು ಲೆಸ್ಟರ್‌ನಿಂದ ಲಾಫ್‌ಬರೋಗೆ ತಲಾ ಒಂದು ಶಿಲ್ಲಿಂಗ್ ಪಡೆದು ಸುಮಾರು 500 ಜನರನ್ನು ರೈಲಿನಲ್ಲಿ ಕರೆದೊಯ್ದದ್ದನ್ನು ಗುಂಪು ಪ್ರವಾಸದ ಹುಟ್ಟು ಎನ್ನುತ್ತಾರೆ. 1872ರಲ್ಲಿ ಅವನು ಒಂದು ಚಿಕ್ಕ ತಂಡ ಕಟ್ಟಿಕೊಂಡು 222 ದಿನದಲ್ಲಿ ಭೂಮಿ ಸುತ್ತಿದ, ಆ ದಾರಿಯಲ್ಲಿ ಭಾರತಕ್ಕೂ ಬಂದಿದ್ದ. ಗುಂಪು, ಮುಂದಾಳು, ಗೊತ್ತಾದ ದಾರಿ, ಗೊತ್ತಾದ ದಿನ ಇವೆಲ್ಲ ಉಳವಿಯ ಬಂಡಿಗಳಲ್ಲೂ ಇದ್ದವು. ಕುಕ್ ಹೊಸದಾಗಿ ತಂದದ್ದು ಒಂದೇ: ಎಲ್ಲದಕ್ಕೂ ಸೇರಿಸಿ ಮುಂಗಡ ಒಂದೇ ದುಡ್ಡು. ಅದನ್ನು ಸಣ್ಣದೆನ್ನುವಂತಿಲ್ಲ. ದುಡ್ಡು ಕೊಟ್ಟವನು ಅಚ್ಚು ಮುರಿದಾಗ ಇಳಿದು ಹೆಗಲು ಕೊಡಬೇಕಾಗಿಲ್ಲ.

ಇಲ್ಲಿ ಪ್ರವಾಸವಲ್ಲದ ಒಂದು ಗುಂಪಿನ ನಡಿಗೆಯನ್ನೂ ನೆನೆಯಬೇಕು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪ 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರ ಜೊತೆ ಸಾಬರಮತಿಯಿಂದ ನಡೆದ ಏಕೈಕ ಕನ್ನಡಿಗ. ಪ್ರತಿ ರಾತ್ರಿ ಯಾವ ಊರಿನಲ್ಲಿ ತಂಗಬೇಕೆಂಬುದು ಆ ಯಾತ್ರೆಯಲ್ಲಿ ಮೊದಲೇ ನಿಗದಿಯಾಗಿತ್ತು; ಒಂದೊಂದು ವಸ್ತಿಯೂ ಒಂದೊಂದು ಸಭೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಿದ್ದಾಗ ಮಹಾದೇವಪ್ಪನವರಿಗೆ ಇನ್ನೂ 32 ತುಂಬಿರಲಿಲ್ಲ.

ಸ್ವಾತಂತ್ರ್ಯದ ನಂತರ ಬಸ್ಸಿನ ಸರದಿ. ಮೊದಲು ಮುಂಬಯಿ ರಾಜ್ಯದ ಸಾರಿಗೆ, ಏಕೀಕರಣದ ನಂತರ ಮೈಸೂರು ರಾಜ್ಯದ್ದು, 1997ರ ನವೆಂಬರ್‌ನಿಂದ ಹುಬ್ಬಳ್ಳಿಯಲ್ಲಿ ಕಚೇರಿಯಿರುವ ವಾಯವ್ಯ ಸಾರಿಗೆ ಸಂಸ್ಥೆಯದ್ದು. ಅದೇ ವರ್ಷ ಆಗಸ್ಟ್‌ನಲ್ಲಿ ಹಾವೇರಿ ಧಾರವಾಡದಿಂದ ಬೇರ್ಪಟ್ಟು ಜಿಲ್ಲೆಯಾಗಿತ್ತು. ಈ ಸೀಮೆಯ ಬಹುಪಾಲು ಜನಕ್ಕೆ ಮೊದಲ ‘ಪ್ರವಾಸ’ ಎಂದರೆ ಶಾಲೆಯದು. ಡಿಸೆಂಬರ್ ಚಳಿಯಲ್ಲಿ ಕೆಂಪು ಬಸ್ಸು, ಜೋಗ, ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಮೈಸೂರು. ಗೈಡು ಎಂದರೆ ಸಮಾಜ ವಿಜ್ಞಾನದ ಮಾಸ್ತರು, ಸಂಗೀತ ಎಂದರೆ ಅಂತ್ಯಾಕ್ಷರಿ, ವಸ್ತಿ ಎಂದರೆ ಯಾವುದೋ ಊರಿನ ಶಾಲೆಯ ಪಡಸಾಲೆ ಅಥವಾ ಮಠದ ಅಂಗಳ. ತಮಾಷೆಯೆಂದರೆ ಹಳೇಬೀಡಿಗೆ ಹೋಗಿ ಬಾಯಿ ಬಿಟ್ಟು ನೋಡಿ ಬಂದ ಮಕ್ಕಳು ತಮ್ಮದೇ ಹಾವೇರಿಯ ಸಿದ್ಧೇಶ್ವರನ ಗುಡಿ, ಚೌಡಯ್ಯದಾನಪುರದ ಮುಕ್ತೇಶ್ವರ, ಗಳಗನಾಥದ ಗುಡಿಗಳನ್ನು ಚಾಲುಕ್ಯರ ಕಾಲದ ಶಿಲ್ಪವೆಂದು ನೋಡಿರುತ್ತಿರಲಿಲ್ಲ. ಅಲ್ಲಿ ದೇವರಿದ್ದ, ಆದ್ದರಿಂದ ಅದು ಪ್ರವಾಸವಲ್ಲ. ದಾರಿ ತಿರುಗಿದ್ದು ಈಚೆಗೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ಶಿಗ್ಗಾವಿ ಹತ್ತಿರದ ಗೊಟಗೋಡಿಯಲ್ಲಿ ಕಟ್ಟಿದ ಉತ್ಸವ ರಾಕ್ ಗಾರ್ಡನ್‌ನಲ್ಲಿ ಹೊಲ ಹೂಡುವ, ರೊಟ್ಟಿ ಬಡಿಯುವ, ಬಂಡಿ ಹೊಡೆಯುವ ಆಳೆತ್ತರದ ಪ್ರತಿಮೆಗಳಿವೆ. ಈಗ ಬೇರೆ ಊರುಗಳ ಶಾಲೆಯ ಬಸ್ಸುಗಳು ಅಲ್ಲಿಗೆ ಬರುತ್ತವೆ. ಬಂಡಿ ನೋಡಲು ಬಸ್ಸು ಹತ್ತುವ ಕಾಲ.

ಬಸ್ಸಿನ ಹಿಂದೆಯೇ ಬಂದದ್ದು ಖಾಸಗಿ ಯಾತ್ರೆ: ಕಾಶಿ, ರಾಮೇಶ್ವರ, ಹದಿನೈದು ದಿನ, ಅಡುಗೆಯವರು ಜೊತೆಗೆ. ಬಸ್ಸಿನ ಹೊಟ್ಟೆಯಲ್ಲಿ ಪಾತ್ರೆ, ಗ್ಯಾಸ್, ಅಕ್ಕಿ, ಬೇಳೆ; ಮುಂದಿನ ಸೀಟಿನಲ್ಲಿ ಹಿಂದಿ ಬಲ್ಲ ಒಬ್ಬ ಮ್ಯಾನೇಜರ್. ಬಂಡಿಯ ಹಿರಿಯನ ಜಾಗದಲ್ಲಿ ಅವನು, ಬುತ್ತಿಯ ಜಾಗದಲ್ಲಿ ಬಿಸಿ ಉಪ್ಪಿಟ್ಟು. 2022ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಪ್ರತಿ ಯಾತ್ರಿಗೆ 5,000 ರೂಪಾಯಿ ಸಹಾಯಧನ ಕೊಟ್ಟು ಶುರುಮಾಡಿದ ಕಾಶಿ ದರ್ಶನದ ರೈಲು ಹತ್ತುವ ನಿಲ್ದಾಣಗಳ ಪಟ್ಟಿಯಲ್ಲಿ ಹಾವೇರಿಯೂ ಇತ್ತು. ಎಂಟು ದಿನದಲ್ಲಿ ಕಾಶಿ, ಅಯೋಧ್ಯೆ, ಪ್ರಯಾಗ ಮುಗಿಸಿ ಮನೆಗೆ. ಹೋದವರು ಮರಳುವ ಖಾತ್ರಿಯಿಲ್ಲವೆಂದು ಊರೇ ಅತ್ತು ಕಳಿಸುತ್ತಿದ್ದ ಯಾತ್ರೆ ಇದು.

ರಾಣೇಬೆನ್ನೂರಿನ ಪಾಲಿಗೆ ಹೊಸದೊಂದು ಬಗೆಯೂ ಸೇರಿದೆ. ಊರು ಹೈಬ್ರಿಡ್ ಹತ್ತಿ, ತರಕಾರಿ ಬೀಜೋತ್ಪಾದನೆಗೆ ಹೆಸರಾದದ್ದು. ಬೀಜ, ಗೊಬ್ಬರ, ಔಷಧದ ಕಂಪನಿಗಳು ವರ್ಷದ ಟಾರ್ಗೆಟ್ ಮುಟ್ಟಿದ ಅಂಗಡಿಯವರನ್ನು ಹತ್ತಿಪ್ಪತ್ತು ಜನರ ತಂಡ ಮಾಡಿ ಥಾಯ್ಲೆಂಡಿಗೋ ಶ್ರೀಲಂಕಾಕ್ಕೋ ಕಳಿಸುವುದು ಕೃಷಿ ವ್ಯಾಪಾರದ ರೂಢಿ. ಮುಂಗಾರು ಹಂಗಾಮು ಶುರುವಾಗುವ ಮೊದಲೇ ಹೋಗಿಬರಬೇಕು. ಇಲ್ಲೂ ಪ್ರವಾಸದ ಪಂಚಾಂಗ ಮಳೆಯದೇ. ಚಳಿದೇಶದವರು ಬಿಸಿಲು ಹುಡುಕಿಕೊಂಡು ಹೋಗುವ ಆ ಉಷ್ಣವಲಯದ ಕಡಲತೀರಕ್ಕೆ ಇವರು ಹೋಗುವುದು ರಾಣೇಬೆನ್ನೂರಿನ ಬೇಸಗೆಯಿಂದ, ಅಂದರೆ ಬಿಸಿಲಿನಿಂದ ಬಿಸಿಲಿಗೆ. ಸೂಟ್‌ಕೇಸಿನ ತಳದಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಪೊಟ್ಟಣ. ಬ್ಯಾಂಕಾಕಿನ ಹೋಟೆಲಿನಲ್ಲಿ ಬೆಳಗಿನ ಏಳಕ್ಕೆ ತಿಂಡಿ, ಎಂಟಕ್ಕೆ ಬಸ್ಸು, ದೋಣಿ, ದ್ವೀಪ, ಮಳಿಗೆ. ಎಲ್ಲಿ ಎಷ್ಟು ಹೊತ್ತು ಎಂಬುದು ಗೈಡಿನ ಕೈಯ ಹಾಳೆಯಲ್ಲಿ ಬರೆದಿದೆ. ದಣಿದವರು ಬಸ್ಸಿನಲ್ಲೇ ನಿದ್ದೆ ತೆಗೆಯುತ್ತಾರೆ, ಹಾಳೆ ಮಾತ್ರ ಮುಂದೆ ಹೋಗುತ್ತದೆ.

ಭಾರತ ಹುಣ್ಣಿಮೆಗೆ ಉಳವಿಯ ದಾರಿಯಲ್ಲಿ ಬಂಡಿಗಳ ಸಾಲು ಇಂದಿಗೂ ಕಾಣುತ್ತದೆ. ಕಮಾನಿಗೆ ಚಾಪೆಯ ಬದಲು ತಾಡಪಾಲು ಬಂದಿದೆ, ಸಾಲಿನ ಹಿಂದೆ ನೀರಿನ ಡ್ರಮ್ಮು, ಮೇವು ಹೊತ್ತ ಟ್ರ್ಯಾಕ್ಟರ್ ಬರುತ್ತದೆ. ದಾರಿ ಡಾಂಬರಾಗಿದೆ, ಎತ್ತಿನ ಲಾಳ ಬೇಗ ಸವೆಯುತ್ತದೆ, ಕಾಲು ಬೇಗ ಸೋಲುತ್ತದೆ. ಹಾಗೆ ಸೋತ ಜೋಡಿ ಕಂಡರೆ ಮುಂದಿನ ಬಂಡಿ ನಿಲ್ಲುತ್ತದೆ, ಅದರ ಹಿಂದಿನದೂ ನಿಲ್ಲುತ್ತದೆ, ಟ್ರ್ಯಾಕ್ಟರೂ ಎಂಜಿನ್ ಆರಿಸುತ್ತದೆ.