1961ರ ಪಂದ್ಯಋತು ಮತ್ತು ಮೈಸೂರಿನ ಜಾವಾ

ಶಹಾಬಾದಿನ ಹಾಸುಗಲ್ಲು ತಾನು ಹುಟ್ಟಿದ ನೆಲದ ಹೆಸರನ್ನೇ ಹೊತ್ತು ದೂರದ ಊರುಗಳ ಅಂಗಳಗಳನ್ನು ಸೇರಿದೆ. ಹೆಸರನ್ನು ಕೇಳಿದೊಡನೆ ಅದರ ಮೂಲವನ್ನು ಹೇಳಬಹುದು. ಯಂತ್ರಗಳ ವಿಷಯದಲ್ಲಿ ಈ ಅನುಕೂಲವಿಲ್ಲ. ಹೆಸರು ಒಂದು ದೇಶದ್ದಾಗಿ, ತಯಾರಿಕೆ ಇನ್ನೊಂದು ದೇಶದ್ದಾಗಿರುವುದುಂಟು. ಮೈಸೂರಿನ ಜಾವಾ ಮೋಟಾರ್ ಸೈಕಲ್ ಇದಕ್ಕೆ ಒಳ್ಳೆಯ ನಿದರ್ಶನ. ಮೈಸೂರಿನಲ್ಲಿ ಅದರ ತಯಾರಿಕೆ ಆರಂಭವಾದ 1961ರಲ್ಲಿಯೇ ಯೂರೋಪಿನ ಪಂದ್ಯಪಥಗಳಲ್ಲಿ ಜಾವಾ ಸವಾರರು ವಿಶ್ವ ಚಾಂಪಿಯನ್‌ಷಿಪ್‌ನ ಒಂದು ವರ್ಗದಲ್ಲಿ ಎರಡನೆಯ ಮತ್ತು ಮೂರನೆಯ ಸ್ಥಾನಗಳನ್ನು ಪಡೆದರು. ಪಂದ್ಯದಲ್ಲಿ ಗೆದ್ದ ಯಂತ್ರವೇ ನಮ್ಮ ಬೀದಿಗೆ ಬಂದಿತೆಂಬ ಭಾವನೆ ಇಂಥಲ್ಲಿ ಸಹಜವಾಗಿ ಮೂಡುತ್ತದೆ. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಜಾವಾ ಎಂಬ ಹೆಸರಿಗೂ ಅದೇ ಹೆಸರಿನ ದ್ವೀಪಕ್ಕೂ ಸಂಬಂಧವಿಲ್ಲ. ಚೆಕ್ ಉದ್ಯಮಿ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಸಂಸ್ಥೆಯಿಂದ ಮೋಟಾರ್ ಸೈಕಲ್ ತಯಾರಿಕೆಯನ್ನು ಕೊಂಡನು. ತನ್ನ ಹೆಸರಿನ ಮೊದಲಕ್ಷರಗಳನ್ನೂ ಆ ಸಂಸ್ಥೆಯ ಹೆಸರಿನ ಮೊದಲಕ್ಷರಗಳನ್ನೂ ಕೂಡಿಸಿ ಈ ಪದವನ್ನು ಮಾಡಿದನು. ಎರಡನೆಯ ಮಹಾಯುದ್ಧದ ಅನಂತರ ಆ ಕಾರ್ಖಾನೆ ರಾಷ್ಟ್ರೀಕರಣಗೊಂಡಿತು.

ಮೋಟಾರ್ ಸೈಕಲ್ ರಸ್ತೆಪಂದ್ಯಗಳ ವಿಶ್ವ ಚಾಂಪಿಯನ್‌ಷಿಪ್ 1949ರಲ್ಲಿ ಪ್ರಾರಂಭವಾಯಿತು. ಎಂಜಿನ್ನಿನ ಗಾತ್ರಕ್ಕೆ ಅನುಸಾರವಾಗಿ ವರ್ಗಗಳನ್ನು ಮಾಡಿ, ಋತುವಿನುದ್ದಕ್ಕೂ ಬೇರೆ ಬೇರೆ ದೇಶಗಳಲ್ಲಿ ನಡೆಯುವ ಪಂದ್ಯಗಳ ಅಂಕಗಳನ್ನು ಕೂಡಿಸಿ ವಿಜೇತನನ್ನು ನಿರ್ಣಯಿಸುವುದು ಅದರ ಪದ್ಧತಿ. 1961ರ ಋತು ಬಾರ್ಸಿಲೋನದಲ್ಲಿ ಮೊದಲಾಗಿ ಬ್ಯೂನಸ್ ಐರಿಸ್‌ನಲ್ಲಿ ಮುಗಿಯಿತು. ಒಟ್ಟು 11 ಸುತ್ತುಗಳಲ್ಲಿ 350 ಸಿ.ಸಿ. ವರ್ಗಕ್ಕೆ ದೊರೆತವು ಏಳು. ಸವಾರರಲ್ಲಿ ಕೆಲವರು ಕಾರ್ಖಾನೆಗಳ ವೇತನದಾರರು. ಉಳಿದ ಬಹುಮಂದಿ ತಮ್ಮ ಯಂತ್ರವನ್ನು ತಾವೇ ಸಾಗಿಸಿಕೊಂಡು, ಸಂಘಟಕರು ಕೊಡುವ ಭಾಗವಹಿಕೆಯ ಹಣದಿಂದ ಜೀವಿಸುತ್ತಿದ್ದವರು.

ಆ ವರ್ಷ 350 ಸಿ.ಸಿ. ವರ್ಗದ ಮೊದಲ ಪಂದ್ಯ ಪಶ್ಚಿಮ ಜರ್ಮನಿಯ ಹಾಕೆನ್‌ಹೈಮ್‌ನಲ್ಲಿ ನಡೆಯಿತು. ಜಾವಾ ಸವಾರ ಫ್ರಾಂಟಿಶೆಕ್ ಶ್ಟ್ಯಾಸ್ಟ್ನಿ ಅದನ್ನು ಗೆದ್ದನು. ಐಲ್ ಆಫ್ ಮ್ಯಾನ್ ದ್ವೀಪದ ಪಂದ್ಯ ನಾರ್ಟನ್ ಸವಾರ ಫಿಲ್ ರೀಡ್‌ನ ಪಾಲಾಯಿತು. ಅನಂತರದ ನಾಲ್ಕು ಪಂದ್ಯಗಳನ್ನು ಇಟಲಿಯ ಎಂ.ವಿ. ಅಗುಸ್ತಾ ಯಂತ್ರದ ಮೇಲೆ ಗ್ಯಾರಿ ಹಾಕಿಂಗ್ ಗೆದ್ದು ಚಾಂಪಿಯನ್ ಆದನು. ಸ್ವೀಡನ್ನಿನ ಕ್ರಿಶ್ಚಿಯಾನ್‌ಸ್ಟಾಡ್‌ನಲ್ಲಿ ಕೊನೆಯ ಪಂದ್ಯ ಮತ್ತೆ ಶ್ಟ್ಯಾಸ್ಟ್ನಿಯದಾಯಿತು. ಋತುವಿನ ಕೊನೆಗೆ ಅವನು ಎರಡನೆಯವನು, ಅವನ ಸಂಗಡಿಗ ಗುಸ್ತಾವ್ ಹಾವೆಲ್ ಮೂರನೆಯವನು.

ಈಗ ಯಂತ್ರದ ಕಡೆಗೆ ತಿರುಗೋಣ. ಶ್ಟ್ಯಾಸ್ಟ್ನಿ ಏರಿದ ಜಾವಾ ಎರಡು ಸಿಲಿಂಡರಿನ ಫೋರ್-ಸ್ಟ್ರೋಕ್ ಯಂತ್ರ. ಅದರ ಕವಾಟಗಳನ್ನು ನಡೆಸುವ ಎರಡು ಕ್ಯಾಮ್‌ದಂಡಗಳು ಸಿಲಿಂಡರಿನ ತಲೆಯ ಮೇಲಿದ್ದವು. ಮೈಸೂರಿನ ಜಾವಾ ಒಂದೇ ಸಿಲಿಂಡರಿನ, 250 ಸಿ.ಸಿ. ಗಾತ್ರದ, ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಟೂ-ಸ್ಟ್ರೋಕ್ ಯಂತ್ರ. ಅದರಲ್ಲಿ ಕವಾಟಗಳೇ ಇಲ್ಲ. ಕಿಕ್ ಹೊಡೆಯುವ ಸನ್ನೆಯೇ ಗೇರು ಬದಲಿಸುವ ಸನ್ನೆಯೂ ಆಗಿತ್ತು. ಇವೆರಡಕ್ಕೂ ಸಮಾನವಾದುದು ಟ್ಯಾಂಕಿನ ಮೇಲಿನ ಹೆಸರು ಮಾತ್ರ. ಪಂದ್ಯದ ಜಾವಾ ಬೀದಿಯ ಜಾವಾಕ್ಕೆ ಜನ್ಮವಿತ್ತಿತೆಂಬ ಮಾತು ಇಲ್ಲಿಗೆ ನಿಲ್ಲುವುದಿಲ್ಲ.

ಆದರೆ ಟೂ-ಸ್ಟ್ರೋಕ್ ವಿದ್ಯೆಗೂ ಅದೇ ಋತುವಿಗೂ ಬೇರೊಂದು ಸಂಬಂಧವುಂಟು. ಪೂರ್ವ ಜರ್ಮನಿಯ ತ್ಶೋಪೌ ಪಟ್ಟಣದ ಎಂ.ಜೆಡ್. ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ ಈ ಬಗೆಯ ಎಂಜಿನ್ನಿನ ದೊಡ್ಡ ಕೊರತೆಗೆ ಪರಿಹಾರವನ್ನು ಕಂಡಿದ್ದನು. ಸುಟ್ಟ ಹೊಗೆಯೊಡನೆ ಸುಡದ ಇಂಧನವೂ ಹೊರಕ್ಕೆ ಹೋಗುವುದೇ ಆ ಕೊರತೆ. ಹೊಗೆಕೊಳವೆಯನ್ನು ಮೊದಲು ಅಗಲಿಸಿ ಆಮೇಲೆ ಕಿರಿದುಗೊಳಿಸಿದರೆ ಒತ್ತಡದ ಅಲೆ ಹಿಂದಿರುಗಿ, ಹೊರಟ ಇಂಧನವನ್ನು ಒಳಕ್ಕೆ ತಳ್ಳುತ್ತದೆ. 1961ರಲ್ಲಿ ಅವನ 125 ಸಿ.ಸಿ. ಎಂಜಿನ್ 25 ಅಶ್ವಶಕ್ತಿಯನ್ನು, ಎಂದರೆ ಲೀಟರಿಗೆ 200ರ ಪ್ರಮಾಣವನ್ನು, ಮುಟ್ಟಿತು.

ಆ ಯಂತ್ರದ ಸವಾರ ಎರ್ನ್ಸ್ಟ್ ಡೆಗ್ನರ್ 125 ಸಿ.ಸಿ. ವರ್ಗದಲ್ಲಿ ಮುಂದಿದ್ದನು. ಆಗಸ್ಟಿನಲ್ಲಿ ಬರ್ಲಿನ್ನಿನ ಗೋಡೆ ಎದ್ದಿತು. ಸೆಪ್ಟೆಂಬರಿನಲ್ಲಿ, ಶ್ಟ್ಯಾಸ್ಟ್ನಿ ಗೆದ್ದ ಅದೇ ಕ್ರಿಶ್ಚಿಯಾನ್‌ಸ್ಟಾಡ್‌ನಲ್ಲಿ, ಡೆಗ್ನರನ ಎಂಜಿನ್ ಕೆಟ್ಟಿತು. ಪಂದ್ಯದ ಅನಂತರ ಅವನು ಪಶ್ಚಿಮಕ್ಕೆ ಪಲಾಯನ ಮಾಡಿದನು. ಅವನ ಹೆಂಡತಿ ಮಕ್ಕಳನ್ನು ಕಾರಿನ ಹಿಂಭಾಗದಲ್ಲಿ ಬಚ್ಚಿಟ್ಟು ಗಡಿ ದಾಟಿಸಲಾಯಿತು. ಅರ್ಜೆಂಟೀನದ ಕೊನೆಯ ಪಂದ್ಯ ಅವನಿಗೆ ತಪ್ಪಿತು. ಅದನ್ನು ಗೆದ್ದ ಟಾಮ್ ಫಿಲಿಸ್ ಹೋಂಡಾಕ್ಕೆ ಆ ವರ್ಗದ ಪ್ರಶಸ್ತಿಯನ್ನು ತಂದನು. ಕಾಡೆನ್ನನ ವಿದ್ಯೆ ಡೆಗ್ನರನೊಡನೆ ಜಪಾನಿನ ಸುಜುಕಿ ಕಾರ್ಖಾನೆಗೆ ಹೋಯಿತು. 1962ರಲ್ಲಿ ಸುಜುಕಿಯ ಮೇಲೆ ಡೆಗ್ನರ್ 50 ಸಿ.ಸಿ. ವರ್ಗದ ಚಾಂಪಿಯನ್ ಆದನು. ಮುಂದೆ 1975ರಿಂದ 2001ರವರೆಗೆ 500 ಸಿ.ಸಿ. ವರ್ಗದ ಪ್ರಶಸ್ತಿಗಳೆಲ್ಲ ಟೂ-ಸ್ಟ್ರೋಕ್ ಯಂತ್ರಗಳಿಗೇ ಸಂದವು.

ಈ ವೃತ್ತಿ ಕೇಳುತ್ತಿದ್ದ ಬೆಲೆಯನ್ನು ಮರೆಯಲಾಗದು. ಫಿಲಿಸ್ 1962ರಲ್ಲಿ ಐಲ್ ಆಫ್ ಮ್ಯಾನ್ ಪಂದ್ಯದಲ್ಲಿ ಮಡಿದನು. ಮಿತ್ರನ ಮರಣದಿಂದ ನೊಂದ ಹಾಕಿಂಗ್ ಮೋಟಾರ್ ಸೈಕಲ್ ಪಂದ್ಯಗಳನ್ನೇ ತ್ಯಜಿಸಿದನು. ಅದೇ ವರ್ಷದ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದಲ್ಲಿ ಕಾರುಪಂದ್ಯದ ಅಭ್ಯಾಸದ ವೇಳೆ ಅವನೂ ಗತಿಸಿದನು. 1961ರ ಚಾಂಪಿಯನ್ನರಲ್ಲಿ ಇಬ್ಬರು ಮರುವರ್ಷವನ್ನು ದಾಟಲಿಲ್ಲ.

ಮೈಸೂರಿನಲ್ಲಿ ಐಡಿಯಲ್ ಜಾವಾ ಸಂಸ್ಥೆಯನ್ನು 1960ರಲ್ಲಿ ಇರಾನಿ ಮನೆತನದವರು ಸ್ಥಾಪಿಸಿದರು. ಯಾದವಗಿರಿಯ ಕಾರ್ಖಾನೆಯಿಂದ ಹೊರಟ ಯಂತ್ರಗಳು ಹಾಲು ಮಾರುವವರಿಗೂ ಗುಮಾಸ್ತರಿಗೂ ಉಪಾಧ್ಯಾಯರಿಗೂ ವಾಹನವಾದವು. ಮದರಾಸಿನ ಬಳಿಯ ಶೋಳಾವರಂ ವಿಮಾನಪಥದ ಪಂದ್ಯಗಳಲ್ಲಿಯೂ ಓಡಿದವು. ನಮ್ಮ ರಾಜ್ಯ ಮೈಸೂರೆಂಬ ಹೆಸರನ್ನು ಬಿಟ್ಟು ಕರ್ನಾಟಕವಾದ 1973ರಲ್ಲಿಯೇ ಈ ಯಂತ್ರವೂ ಜಾವಾ ಎಂಬ ಹೆಸರನ್ನು ಬಿಟ್ಟು ಯೆಜ್ದಿಯಾಯಿತು. ಹೆಸರು ಹೋದರೂ ತಯಾರಿಕೆ ನಿಲ್ಲಲಿಲ್ಲ. 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೆ ಮುಂದುವರಿಯಿತು.

ಹೀಗೆ ಒಂದೇ ವರ್ಷದಲ್ಲಿ ಮೂರು ಪ್ರಯಾಣಗಳು ನಡೆದುವು. ಜಾವಾದ ಹೆಸರು ಮೈಸೂರಿಗೆ ಬಂದಿತು. ಅದರ ಕೀರ್ತಿ ಹಾಕೆನ್‌ಹೈಮ್‌ನಲ್ಲಿ ಬೆಳಗಿತು. ಟೂ-ಸ್ಟ್ರೋಕ್ ವಿದ್ಯೆ ತ್ಶೋಪೌವಿನಿಂದ ಜಪಾನಿಗೆ ಸಾಗಿತು. ಕೀರ್ತಿಯನ್ನೇ ಕಾರಣವೆಂದು ಭಾವಿಸಿದರೆ ಮೈಸೂರಿನ ಕೆಲಸಗಾರರು ಮೂವತ್ತೈದು ವರ್ಷ ನಡೆಸಿದ ದುಡಿಮೆ ಪರದೇಶದ ಗೆಲುವಿನ ನೆರಳಿನಂತೆ ಕಾಣುತ್ತದೆ. ಹೆಸರಿನ ವಂಶ, ಯಂತ್ರದ ವಂಶ, ವಿದ್ಯೆಯ ವಂಶ ಇವನ್ನು ಬೇರೆಬೇರೆಯಾಗಿ ಗುರುತಿಸಿದಾಗಲೇ ಆ ದುಡಿಮೆಗೆ ಚರಿತ್ರೆಯಲ್ಲಿ ಅದರದೇ ಆದ ಸ್ಥಾನ ದೊರೆಯುವುದೆಂದು ನಮ್ಮ ಅಭಿಪ್ರಾಯ.