ಕಾಯಿಸಿದ್ರೆ ಕ್ಯಾಲ್ಸಿಯಂ ಹೋಗುತ್ತಾ?

ಮೊನ್ನೆ ಲೈವ್‌ನಲ್ಲಿ ಒಬ್ಬ ತಂದೆ ಫೋನ್ ಮಾಡಿದ್ರು. "ಸಾರ್, ಹಾಲು ಕಾಯಿಸಿದ್ರೆ ಕ್ಯಾಲ್ಸಿಯಂ ಎಲ್ಲಾ ಹೋಗ್ಬಿಡುತ್ತಂತೆ. ಎರಡು ವರ್ಷದ ಮಗಳಿಗೆ ಹಸಿ ಹಾಲೇ ಕೊಡ್ಲಾ?" ಬ್ರೇಕ್‌ಗೆ ಟೈಮ್ ಆಗಿತ್ತು. "ಬೇಡ ಸಾರ್" ಅಂದು ಮುಗಿಸಿಬಿಟ್ಟೆ. ಆದರೆ ಆ ಪ್ರಶ್ನೆಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ.

1893, ನ್ಯೂಯಾರ್ಕ್. ಬೇಸಿಗೆ ಬಂತೆಂದರೆ ಬಡವರ ಕೇರಿಗಳಲ್ಲಿ ಹಸುಗೂಸುಗಳು ಭೇದಿಯಿಂದ ಸಾಯುತ್ತಿದ್ದವು. ಕೊಳಕು ಹಾಲು ಅದಕ್ಕೆ ಒಂದು ದೊಡ್ಡ ಕಾರಣ. ಮೇಸೀಸ್ ಮಳಿಗೆಯ ಪಾಲುದಾರ ನಾಥನ್ ಸ್ಟ್ರಾಸ್ ಆ ವರ್ಷ ಸ್ವಂತ ದುಡ್ಡಿನಲ್ಲಿ ಪಾಶ್ಚರೀಕರಿಸಿದ ಹಾಲಿನ ಕೇಂದ್ರ ತೆರೆದರು. ಅದೇ ವರ್ಷ ಪಕ್ಕದ ನ್ಯೂಜೆರ್ಸಿಯಲ್ಲಿ ಡಾಕ್ಟರ್ ಹೆನ್ರಿ ಕಾಯ್ಟ್ ಬೇರೆ ದಾರಿ ಹಿಡಿದರು. ಕೊಟ್ಟಿಗೆ, ಹಸು, ಹಾಲು ಕರೆಯುವವರು, ಎಲ್ಲದರ ತಪಾಸಣೆ ಮಾಡಿ ಶುದ್ಧವಾದ ಹಸಿ ಹಾಲು ಕೊಡೋಣ ಅಂದರು. ಯೋಚನೆ ಒಳ್ಳೆಯದೇ. ಆದರೆ ಆ 'ಸರ್ಟಿಫೈಡ್' ಹಾಲಿನ ಬೆಲೆ ಬಡವರ ಕೈಗೆ ಎಟುಕಲಿಲ್ಲ.

ಅಲ್ಲಿಂದ ಜಗಳ ಶುರು. ಕಾಯಿಸಿದ ಹಾಲು ಸತ್ತ ಹಾಲು, ಅದರ ಲವಣ ಮೈಗೆ ಹತ್ತೋದಿಲ್ಲ ಅನ್ನೋ ವಾದ ಎದ್ದಿತು. ನಾನು ಇಂಜಿನಿಯರಿಂಗ್ ಓದಿದವನು, ಇಷ್ಟಂತೂ ಗೊತ್ತು: ಕ್ಯಾಲ್ಸಿಯಂ ಒಂದು ಧಾತು. 63 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೂ, ನಮ್ಮ ಒಲೆಯ ಮೇಲೆ ಉಕ್ಕಿದರೂ ಅದು ನಾಶ ಆಗೋದಿಲ್ಲ. 100 ಮಿಲಿ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಇದೆ. ಕಾಯಿಸಿದ ಮೇಲೂ ಹೆಚ್ಚುಕಡಿಮೆ ಅಷ್ಟೇ ಸಿಗುತ್ತೆ.

ಹಾಗಂತ ಹಸಿ ಹಾಲಿನವರು ಹೇಳಿದ್ದೆಲ್ಲಾ ಸುಳ್ಳಲ್ಲ. ಬಿಸಿಗೆ ಸಿ ವಿಟಮಿನ್ ಕಡಿಮೆಯಾಗುತ್ತೆ. ಬರೀ ಕಾಯಿಸಿದ ಹಾಲನ್ನೇ ಕುಡಿದ ಕೆಲವು ಕೂಸುಗಳಿಗೆ ಸ್ಕರ್ವಿ ಬಂದಿದ್ದು ನಿಜ. ನ್ಯೂಯಾರ್ಕಿನ ಡಾಕ್ಟರ್ ಆಲ್ಫ್ರೆಡ್ ಹೆಸ್ ಅದಕ್ಕೆ ಪರಿಹಾರ ತೋರಿಸಿದರು: ಕಿತ್ತಳೆ ರಸ. ಹಸಿ ಹಾಲಿಗೆ ವಾಪಸ್ ಹೋಗಬೇಕಾಗಲಿಲ್ಲ.

ಇನ್ನೊಂದು ಲೆಕ್ಕ ನೋಡಿ. ರ‍್ಯಾಂಡಲ್ಸ್ ದ್ವೀಪದ ಅನಾಥ ಶಿಶುಗಳ ಆಶ್ರಮದಲ್ಲಿ ನೂರಕ್ಕೆ ಸುಮಾರು 44 ಮಕ್ಕಳು ಸಾಯುತ್ತಿದ್ದರು. 1898ರಲ್ಲಿ ಸ್ಟ್ರಾಸ್ ಅಲ್ಲಿಗೆ ಪಾಶ್ಚರೀಕರಣದ ಯಂತ್ರ ಕೊಟ್ಟರು. ಸಾವು ಸುಮಾರು 20ಕ್ಕೆ ಇಳಿಯಿತು. ಹತ್ತು ವರ್ಷದ ಮೇಲೆ, 1908ರಲ್ಲಿ, ಶಿಕಾಗೋ ನಗರ ಪಾಶ್ಚರೀಕರಣ ಕಡ್ಡಾಯ ಮಾಡಿ ಕಾನೂನು ತಂದಿತು.

ಅಮೆರಿಕದಲ್ಲಿ ಈ ವಾದ ಇವತ್ತಿಗೂ ನಿಂತಿಲ್ಲ. ಕೆಲವು ರಾಜ್ಯಗಳಲ್ಲಿ ಹಸಿ ಹಾಲು ಅಂಗಡಿಯಲ್ಲೇ ಸಿಗುತ್ತೆ. ಖನಿಜದ ಮಾತು ಅಲ್ಲಿಂದ ನಮ್ಮ ಮೊಬೈಲಿಗೂ ಬಂದಿದೆ, ಆ ಆಶ್ರಮದ ಮಕ್ಕಳ ಲೆಕ್ಕ ಮಾತ್ರ ಬಂದಿಲ್ಲ.

ಅವತ್ತು ಫೋನ್ ಮಾಡಿದ ಯಜಮಾನರೇ, ಪೂರ್ತಿ ಉತ್ತರ ಇದು. ಕಾಯಿಸಿಯೇ ಕೊಡಿ. ಕ್ಯಾಲ್ಸಿಯಂ ಎಲ್ಲಿಗೂ ಹೋಗಲ್ಲ.